ಗೌಜುಗ ಮತ್ತು ಅದರ ನೆಂಟರು

(ಮೊದಲು ನೀವು ಓದಿ. ಆಮೇಲೆ ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಿ.)

1. ಅಂಗಿಯಲ್ಲಿ ನಾಲ್ಕು ಮೊಟ್ಟೆ

ಬಾಳೆಗುಳಿ ಅಂಕೋಲಾ ತಾಲೂಕಿನ ಊರು. ಇಲ್ಲಿ ಎರಡು ದೊಡ್ಡ ರಸ್ತೆಗಳು ಸೇರುತ್ತವೆ. ಒಂದು ಕಾರವಾರದಿಂದ ಮಂಗಳೂರಿನ ಕಡೆಗೆ ಹೋಗುವ ರಸ್ತೆ. ಇನ್ನೊಂದು ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋಗುವ ರಸ್ತೆ. ಹಗಲೂ ರಾತ್ರಿ ಲಾರಿ ಓಡುತ್ತವೆ. ಆದರೆ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಗೇರು ಹಕ್ಕಲು. ಅದರ ಆಚೆ ಗುಡ್ಡ. ಗುಡ್ಡದ ಆಚೆ ಕಾಡು.

ಅದು ಏಪ್ರಿಲ್ ತಿಂಗಳು. ಮಧ್ಯಾಹ್ನದ ಹೊತ್ತು. ಗೇರುಬೀಜ ಹೆಕ್ಕಲು ಹೋದ ಹುಡುಗ ಓಡಿ ಬಂದ. ಅಂಗಿಯ ತುದಿಯನ್ನು ಮಡಚಿ ಹಿಡಿದಿದ್ದ.

"ಅಮ್ಮಾ, ಇಲ್ನೋಡು! ಮೊಟ್ಟೆ! ನಾಲ್ಕು ಮೊಟ್ಟೆ!"

ಅಮ್ಮ ನೋಡಿದಳು. ತೆಳು ಕೆನೆ ಬಣ್ಣದ ಮೊಟ್ಟೆಗಳು. ಊರಕೋಳಿ ಮೊಟ್ಟೆಗಿಂತ ಸ್ವಲ್ಪ ಸಣ್ಣವು. ಕೈಗೆ ಇನ್ನೂ ಬೆಚ್ಚಗಿದ್ದವು.

"ಎಲ್ಲಿ ಸಿಕ್ತು ತಮ್ಮಾ?"

"ಹಕ್ಕಲ ಮೂಲೇಲಿ. ಕೊನೇ ಗೇರುಮರದ ಬುಡದಲ್ಲಿ ದರಕಿನ ಒಳಗಿತ್ತು. ನಾನು ಹೋದ ಕೂಡ್ಲೆ ಒಂದು ಕೋಳಿ ಬುರ್ರ್ ಅಂತ ಹಾರಿಹೋಯ್ತು."

ಅಜ್ಜಿ ಜಗಲಿಯಿಂದ ಎದ್ದು ಬಂದರು. ಒಂದು ಮೊಟ್ಟೆ ಎತ್ತಿ ನೋಡಿದರು.

"ಕಾಡುಕೋಳಿದು. ಕಾವಿಗೆ ಕೂತಿತ್ತು ಅನ್ಸುತ್ತೆ. ಬೇಯಿಸೂದಾದ್ರೆ ಈಗ್ಲೇ ಬೇಯಿಸು. ಇಲ್ದಿದ್ರೆ ನಮ್ಮ ಕೋಳಿ ಅಡಿಗೆ ಇಡು."

ಅಮ್ಮ ಸುಮ್ಮನೆ ನಿಂತಳು. ಮನೆಯಲ್ಲಿ ಅಂದು ಸಾರಿಗೆ ಏನೂ ಇರಲಿಲ್ಲ. ನಾಲ್ಕು ಮೊಟ್ಟೆ ಅಂದರೆ ನಾಲ್ಕು ಜನರ ಊಟಕ್ಕೆ ಆಗುತ್ತಿತ್ತು. ಆದರೆ ಬೆಚ್ಚಗಿದ್ದ ಮೊಟ್ಟೆಯನ್ನು ಒಡೆಯಲು ಮನಸ್ಸು ಬರಲಿಲ್ಲ. ಆಕೆ ಬುಟ್ಟಿಗೆ ಭತ್ತದ ಹೊಟ್ಟು ಹಾಕಿದಳು. ಮೊಟ್ಟೆಗಳನ್ನು ಅದರಲ್ಲಿಟ್ಟು ಸೆರಗು ಮುಚ್ಚಿದಳು.

"ಮೂರು ಗಂಟೆಗೆ ಕ್ಲಾಸಿದೆ. ಅಕ್ಕೋರನ್ನ ಕೇಳಿ ಬರ್ತೇನೆ" ಎಂದಳು.

2. ಮೊದಲು ಮೊಟ್ಟೆ, ಆಮೇಲೆ ಪಾಠ

ಅಂಗನವಾಡಿಯಲ್ಲಿ ಹೆಂಗಸರು ಸೇರಿದ್ದರು. ಪಾಟಿ, ಬಳಪ, ಪುಸ್ತಕ ತೆಗೆದಿದ್ದರು. ಬುಟ್ಟಿ ನೋಡಿದ ಅಕ್ಕೋರು ಕೇಳಿದರು:

"ತಂದು ಎಷ್ಟು ಹೊತ್ತಾಯಿತು?"

"ಒಂದು ಗಂಟೆ ಆಗಿರಬಹುದು ಅಕ್ಕೋರೆ."

"ಹಾಗಾದರೆ ಇನ್ನೂ ಆಸೆ ಇದೆ. ಮೊದಲು ಮೊಟ್ಟೆ ವಾಪಸ್ ಇಡೋಣ. ಪಾಠ ಆಮೇಲೆ."

ಎಲ್ಲರೂ ಹಕ್ಕಲಿಗೆ ನಡೆದರು. ಹುಡುಗ ಮುಂದೆ, ಅಜ್ಜಿ ಹಿಂದೆ. ಜಾಗ ಹುಡುಕಲು ಹುಡುಗನಿಗೆ ಆಗಲಿಲ್ಲ. ಎಲ್ಲ ಮರದ ಬುಡದಲ್ಲೂ ಒಂದೇ ತರಹದ ದರಕು. ಆಗ ಅಜ್ಜಿಯೇ ತೋರಿಸಿದರು.

"ಅಲ್ನೋಡಿ. ದರಕು ತಟ್ಟೆ ಹಾಗೆ ತಗ್ಗಾಗಿದೆ. ಅದೇ ಗೂಡು."

ಅಮ್ಮ ಮೊಟ್ಟೆಗಳನ್ನು ಮೆಲ್ಲಗೆ ಅಲ್ಲೇ ಇಟ್ಟಳು. ಬೇರೆ ಎಲೆ ಮುಚ್ಚಲಿಲ್ಲ. ಯಾರೂ ಮಾತಾಡಲಿಲ್ಲ. ಎಲ್ಲರೂ ದೂರದ ಮಾವಿನ ಮರದ ಕೆಳಗೆ ಹೋಗಿ ಕುಳಿತರು.

"ಮನುಷ್ಯರ ಕೈ ತಾಗಿದರೆ ಹಕ್ಕಿ ಮತ್ತೆ ಗೂಡಿಗೆ ಬರೂದಿಲ್ಲ ಅಂತಾರಲ್ಲ ಅಕ್ಕೋರೆ?" ಎಂದು ಒಬ್ಬಳು ಕೇಳಿದಳು.

"ಹಕ್ಕಿಗಳು ಮೂಸಿ ನೋಡಿ ಮೊಟ್ಟೆ ಬಿಡುವುದು ಕಡಿಮೆ. ಅವು ಹೆದರಿ ಬಿಡುತ್ತವೆ. ಪದೇ ಪದೇ ಹೋಗಿ ನೋಡಿದರೆ ಬಿಟ್ಟು ಹೋಗುತ್ತವೆ. ಆದ್ದರಿಂದ ನಾವು ಇನ್ನು ಆ ಕಡೆ ಹೋಗುವುದು ಬೇಡ. ಇವತ್ತಿನ ಪಾಠ ಇಲ್ಲೇ ಮಾಡೋಣ."

3. ನಮ್ಮೂರಿನ ಗೌಜುಗ

ಅಕ್ಕೋರ ತವರು ಧಾರವಾಡದ ಕಡೆ. ಅವರು ಹೇಳಿದರು:

"ಈ ಗೂಡು ನೋಡಿ ನನಗೆ ನಮ್ಮ ಹೊಲದ ಗೌಜುಗ ನೆನಪಾಯಿತು. ಕೆಲವರು ಕವುಜುಗ ಅಂತಾರೆ. ಮೈಸೂರಿನ ಕಡೆ ಗೌಜಲಹಕ್ಕಿ ಅಂತಾರೆ. ಸಂಸ್ಕೃತದಲ್ಲಿ ತಿತ್ತಿರಿ. ಅದೂ ಹೀಗೇ ನೆಲದ ಮೇಲೆ ಮೊಟ್ಟೆ ಇಡುತ್ತದೆ."

ಗೌಜುಗ ನೋಡಲು ಸಣ್ಣ ಕೋಳಿಯ ಹಾಗಿರುತ್ತದೆ. ಉದ್ದ ಸುಮಾರು ಒಂದು ಅಡಿ. ತೂಕ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು. ಬಾಲ ಗಿಡ್ಡ. ಮೈ ದುಂಡಗೆ. ಮೈಬಣ್ಣ ಬೂದು ಮತ್ತು ಕಂದು. ಮೈ ತುಂಬ ತೆಳ್ಳಗಿನ ಅಡ್ಡ ಗೆರೆಗಳು. ಗಂಟಲು ಮಾಸಲು ಹಳದಿ. ಅದರ ಸುತ್ತ ಕಪ್ಪು ಗೆರೆ. ಕಾಲು ಕೆಂಪು.

ಈ ಬಣ್ಣ ಎಂತಕ್ಕೆ? ಒಣ ಹುಲ್ಲು, ಮಣ್ಣು, ಕಲ್ಲು ಇರುವ ಕಡೆ ಗೌಜುಗ ಕುಳಿತರೆ ಕಣ್ಣಿಗೆ ಕಾಣುವುದೇ ಇಲ್ಲ. ಗಿಡುಗ, ನರಿ, ಕಾಡುಬೆಕ್ಕು ಇವುಗಳಿಂದ ಉಳಿಯಲು ಇದೇ ಅದರ ಉಪಾಯ.

ಗೌಜುಗಕ್ಕೆ ಹಾರಲು ಬರುತ್ತದೆ. ಆದರೆ ಅದು ಹೆಚ್ಚು ಹಾರುವುದಿಲ್ಲ. ಅಪಾಯ ಕಂಡರೆ ಮೊದಲು ಓಡುತ್ತದೆ. ಪೊದೆಯ ಒಳಗೆ ನುಗ್ಗುತ್ತದೆ. ತೀರಾ ಹತ್ತಿರ ಬಂದರೆ ಮಾತ್ರ ಬುರ್ರ್ ಎಂದು ರೆಕ್ಕೆ ಬಡಿದು ಹಾರುತ್ತದೆ. ಸ್ವಲ್ಪ ದೂರ ಹೋಗಿ ಇಳಿಯುತ್ತದೆ. ಇಳಿದ ಮೇಲೆ ಮತ್ತೆ ಓಟ.

ಬೆಳಿಗ್ಗೆ ಮತ್ತು ಸಂಜೆ ಅದರ ಕೂಗು ಜೋರು. "ಕಟೀತರ್, ಕಟೀತರ್" ಎಂದು ಕೂಗುತ್ತದೆ. ಒಂದು ಕೂಗಿದರೆ ಆಚೆ ಹೊಲದಿಂದ ಇನ್ನೊಂದು ಉತ್ತರ ಕೊಡುತ್ತದೆ.

4. ಅದರ ಊಟ, ನಿದ್ದೆ, ಸಂಸಾರ

ಗೌಜುಗ ಕಾಲಿನಿಂದ ನೆಲ ಕೆದರುತ್ತದೆ. ಹುಲ್ಲಿನ ಬೀಜ, ಉದುರಿದ ಕಾಳು, ಎಳೆ ಚಿಗುರು ತಿನ್ನುತ್ತದೆ. ಹುಳ ಹುಪ್ಪಟೆ ತಿನ್ನುತ್ತದೆ. ಒರಲೆ ಅಂದರೆ ಅದಕ್ಕೆ ಬಹಳ ಇಷ್ಟ. ಮರಿಗಳು ಬೆಳೆಯಲು ಹುಳ ಬೇಕೇ ಬೇಕು. ಹೀಗೆ ಅದು ರೈತನಿಗೆ ಕೂಲಿ ಕೇಳದ ಆಳು. ಹೊಲಕ್ಕೆ ವಿಷದ ಔಷಧಿ ಹೆಚ್ಚು ಹೊಡೆದರೆ ಹುಳ ಸಾಯುತ್ತವೆ. ಮರಿಗಳಿಗೆ ಊಟ ಇಲ್ಲದಂತೆ ಆಗುತ್ತದೆ.

ಹಗಲೆಲ್ಲ ನೆಲದ ಮೇಲೆ ಇರುವ ಹಕ್ಕಿ ರಾತ್ರಿ ನೆಲದಲ್ಲಿ ಮಲಗುವುದಿಲ್ಲ. ಜಾಲಿಯಂತಹ ಮುಳ್ಳಿನ ಗಿಡ ಹತ್ತಿ ಮಲಗುತ್ತದೆ. ಮುಳ್ಳೇ ಅದಕ್ಕೆ ಬಾಗಿಲು, ಮುಳ್ಳೇ ಅದಕ್ಕೆ ಬೀಗ.

ಗೌಜುಗಗಳು ಜೋಡಿಯಾಗಿ ಇರುತ್ತವೆ. ಇಲ್ಲವೇ ಸಣ್ಣ ಕುಟುಂಬವಾಗಿ ಇರುತ್ತವೆ. ಪೊದೆಯ ಬುಡದಲ್ಲಿ ನೆಲ ಕೆದರಿ ಸಣ್ಣ ತಗ್ಗು ಮಾಡುತ್ತವೆ. ಸ್ವಲ್ಪ ಹುಲ್ಲು ಹಾಸುತ್ತವೆ. ಅದೇ ಗೂಡು. ಹೆಚ್ಚಾಗಿ ಆರರಿಂದ ಎಂಟು ಮೊಟ್ಟೆ ಇಡುತ್ತವೆ. ಸುಮಾರು ಮೂರು ವಾರ ಕಾವು ಬೇಕು.

ಮೊಟ್ಟೆಯಿಂದ ಬಂದ ಮರಿ ಗುಬ್ಬಿಮರಿಯ ಹಾಗೆ ಬೋಳಾಗಿ ಇರುವುದಿಲ್ಲ. ಮೈ ಮೇಲೆ ಮೃದುವಾದ ತುಪ್ಪಳ ಇರುತ್ತದೆ. ಕಣ್ಣು ತೆರೆದಿರುತ್ತದೆ. ಮೈ ಒಣಗಿದ ಕೂಡಲೆ ಎದ್ದು ಓಡಾಡುತ್ತದೆ. ತಾನೇ ಹೆಕ್ಕಿ ತಿನ್ನುತ್ತದೆ. ನಮ್ಮ ಕೋಳಿಮರಿಯ ಹಾಗೆಯೇ. ತಾಯಿ ಎಚ್ಚರಿಕೆ ಕೊಟ್ಟರೆ ಮರಿಗಳು ಇದ್ದಲ್ಲೇ ಅಡಗುತ್ತವೆ. ಕಲ್ಲಿನ ಹಾಗೆ ಸುಮ್ಮನಾಗುತ್ತವೆ.

5. ಬಾಳೆಗುಳಿಯಲ್ಲಿ ಗೌಜುಗ ಯಾಕೆ ಇಲ್ಲ?

"ಹಾಗಾದರೆ ನಾವು ಇಲ್ಲಿ ಗೌಜುಗ ಯಾಕೆ ನೋಡಿಲ್ಲ?" ಎಂದು ಅಮ್ಮ ಕೇಳಿದಳು.

ಅಕ್ಕೋರು ನೆಲದ ಮೇಲೆ ಕಡ್ಡಿಯಿಂದ ಒಂದು ಉದ್ದ ಗೆರೆ ಎಳೆದರು.

"ಇದು ಹುಬ್ಬಳ್ಳಿ ರಸ್ತೆ. ಈ ತುದಿ ಬಾಳೆಗುಳಿ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ದಟ್ಟ ಕಾಡು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿದ ಮೇಲೆ ಮಳೆ ಕಡಿಮೆ ಆಗುತ್ತದೆ. ಕಾಡು ತೆಳುವಾಗುತ್ತದೆ. ಹುಬ್ಬಳ್ಳಿ ಹತ್ತಿರ ಬಂದರೆ ಬಯಲು. ಗೌಜುಗಕ್ಕೆ ಒಣ ನೆಲ, ಹುಲ್ಲು, ಕುರುಚಲು ಗಿಡ ಬೇಕು. ಒದ್ದೆ ಕಾಡು ಅದಕ್ಕೆ ಆಗುವುದಿಲ್ಲ. ಅದಕ್ಕೇ ಅದು ಘಟ್ಟದ ಆಚೆ ಉಳಿದಿದೆ."

ಆದರೆ ಗೌಜುಗದ ನೆಂಟರು ಇಲ್ಲಿ ಇದ್ದಾರೆ. ಕೋಳಿ, ಗೌಜುಗ, ಲಾವಕ್ಕಿ, ನವಿಲು ಎಲ್ಲವೂ ಒಂದೇ ಕುಲದ ಹಕ್ಕಿಗಳು. ಎಲ್ಲವೂ ನೆಲ ಕೆದರುತ್ತವೆ. ಎಲ್ಲವೂ ಹೆಚ್ಚಾಗಿ ನೆಲದ ಮೇಲೆ ಮೊಟ್ಟೆ ಇಡುತ್ತವೆ.

ಕಾಡುಕೋಳಿ: ನಮ್ಮ ಗುಡ್ಡದಲ್ಲಿ ಇರುವುದು ಬೂದು ಕಾಡುಕೋಳಿ. ಹುಂಜದ ಕುತ್ತಿಗೆಯ ಗರಿಗಳಲ್ಲಿ ಬಿಳಿ ಹಳದಿ ಚುಕ್ಕೆಗಳು ಹೊಳೆಯುತ್ತವೆ. ಹೆಣ್ಣಿನ ಬೆನ್ನು ಕಂದು. ಎದೆಯ ಮೇಲೆ ಬಿಳಿ ಕಪ್ಪು ಗೆರೆಗಳು. ಊರಹುಂಜದ ಹಾಗೆ ಇದು ಉದ್ದಕ್ಕೆ ಕೂಗುವುದಿಲ್ಲ. "ಕುಕ್, ಕಾಯ, ಕಾಯ, ಕುಕ್" ಎಂದು ತುಂಡು ತುಂಡಾಗಿ ಕೂಗುತ್ತದೆ. ಈ ಹಕ್ಕಿ ಭಾರತದಲ್ಲಿ ಬಿಟ್ಟರೆ ಬೇರೆ ದೇಶದ ಕಾಡಿನಲ್ಲಿ ಇಲ್ಲ.

ನಮ್ಮ ಮನೆಯ ಕೋಳಿಗೂ ಇದಕ್ಕೂ ನೆಂಟಸ್ತಿಕೆ ಇದೆ. ಊರಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಬಹಳ ಊರಕೋಳಿಗಳ ಕಾಲು, ಚರ್ಮ ಹಳದಿ ಇರುತ್ತದಲ್ಲ? ಆ ಹಳದಿ ಗುಣ ಬಂದದ್ದು ಬೂದು ಕಾಡುಕೋಳಿಯಿಂದ. ಇದನ್ನು ವಿಜ್ಞಾನಿಗಳು 2008ರಲ್ಲಿ ತೋರಿಸಿದರು.

ಕೆಂಪು ಮುಖದ ಸಣ್ಣ ಕೋಳಿ: ಇದರ ಮೈ ಕೆಂಪು ಕಂದು. ಕಣ್ಣಿನ ಸುತ್ತ ಮತ್ತು ಕಾಲು ಕೆಂಪು. ಗಂಡಿನ ಒಂದೊಂದು ಕಾಲಿನಲ್ಲೂ ಎರಡು ಅಥವಾ ಹೆಚ್ಚು ಮುಳ್ಳು ಇರುತ್ತವೆ. ಜೋಡಿಯಾಗಿ ಪೊದೆಯ ಕೆಳಗೆ ಓಡಾಡುತ್ತದೆ. ಬಹಳ ನಾಚಿಕೆ. ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಇದು ಹೆಚ್ಚಾಗಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ರೂಪದಲ್ಲಿ ಗೌಜುಗಕ್ಕೆ ಬಹಳ ಹತ್ತಿರ.

ಲಾವಕ್ಕಿ: ಇದು ಮುಷ್ಟಿಯಷ್ಟು ಹಕ್ಕಿ. ಹುಲ್ಲಿನಲ್ಲಿ ಗುಂಪಾಗಿ ಇರುತ್ತದೆ. ಕಾಲಿನ ಹತ್ತಿರ ಹೋಗುವ ತನಕ ಏಳುವುದಿಲ್ಲ. ಎದ್ದರೆ ಎಲ್ಲ ಒಮ್ಮೆಗೆ ಹಾರಿ ನಮ್ಮ ಎದೆ ಝಲ್ಲೆನ್ನುತ್ತದೆ.

ನವಿಲು: ಇದು ಈ ಕುಲದ ದೊಡ್ಡಣ್ಣ. 1963ರಿಂದ ನಮ್ಮ ರಾಷ್ಟ್ರಪಕ್ಷಿ.

6. ಅಜ್ಜಿಯ ಮಾತು

ಅಜ್ಜಿ ಇಷ್ಟು ಹೊತ್ತು ಕೇಳುತ್ತಿದ್ದರು. ಈಗ ಮಾತಾಡಿದರು.

"ನೀವು ಹೇಳೂದು ಸರಿ ಅಕ್ಕೋರೆ. ಆದ್ರೆ ಒಂದು ಮಾತು. ನಾನು ಸಣ್ಣಿರುವಾಗ ಮಳೆಗಾಲದಲ್ಲಿ ಮನೇಲಿ ಅಕ್ಕಿ ಇರ್ತಿರಲಿಲ್ಲ. ನಮ್ಮಪ್ಪ ಉರುಳು ಹಾಕಿ ಹಕ್ಕಿ ಹಿಡೀತಿದ್ದ. ಅದನ್ನ ತಿಂದೇ ನಾವು ಬದುಕಿದ್ದು. ನಾವೇನು ಪಾಪಿಗಳಾ?"

ಯಾರೂ ಮಾತಾಡಲಿಲ್ಲ. ಅಕ್ಕೋರು ಹೇಳಿದರು:

"ಅಲ್ಲ ಅಜ್ಜಿ. ಹಸಿವು ಪಾಪ ಅಲ್ಲ. ಆದರೆ ಆಗ ಕಾಡು ಎಷ್ಟಿತ್ತು?"

"ಮನೆ ಹಿತ್ತಲ ತನಕ ಇತ್ತು."

"ಕಾಡುಕೋಳಿ ಕೂಗು?"

"ಬೆಳಗಾದ್ರೆ ಸಾಕು, ನಾಲ್ಕೂ ದಿಕ್ಕಿಂದ. ಈಗ ಯಾವಾಗ್ಲಾದ್ರೂ ಒಂದು."

"ಅದೇ ಅಜ್ಜಿ. ಈಗ ರೇಷನ್ ಅಕ್ಕಿ ಬರುತ್ತದೆ. ಹಕ್ಕಿಗೆ ರೇಷನ್ ಇಲ್ಲ. ಅದಕ್ಕೆ ಇರುವುದು ಈ ದರಕು, ಈ ಪೊದೆ, ಈ ಗುಡ್ಡ ಅಷ್ಟೇ."

ಅಜ್ಜಿ ತಲೆದೂಗಿದರು.

"ಮತ್ತೊಂದು ಮಾತು. ಇವತ್ತು ಗೂಡು ತೋರಿಸಿದವರು ಯಾರು? ನಾನು ಓದಿದವಳು, ನನಗೆ ಕಾಣಲಿಲ್ಲ. ನಿಮಗೆ ಕಂಡಿತು. ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಆದರೆ ಯಾವ ಮರದ ಬೀಜ ಯಾವಾಗ ತೆಗೆಯಬೇಕು, ಸಸಿ ಹೇಗೆ ಮಾಡಬೇಕು ಎಲ್ಲ ಅವರಿಗೆ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಸಾವಿರಾರು ಗಿಡ ಬೆಳೆಸಿದರು. ಅವರಿಗೆ 2020ರ ಪದ್ಮಶ್ರೀ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಬೆಳೆಸಿದ ಮರಗಳು ಇವೆ. ನಿಮಗೆ ತಿಳಿದದ್ದನ್ನು ನೀವು ಮೊಮ್ಮಗನಿಗೆ ಹೇಳಬೇಕು. ಅದೂ ಒಂದು ಪಾಠವೇ."

7. ಒಂದು ಹಳೆಯ ಕಥೆ

ಬುದ್ಧನ ಜಾತಕ ಕಥೆಗಳಲ್ಲಿ ಗೌಜುಗದ ಕಥೆ ಒಂದಿದೆ. ಅಕ್ಕೋರು ಅದನ್ನು ಮಕ್ಕಳಿಗಾಗಿ ಹೇಳಿದರು.

ಒಂದು ದೊಡ್ಡ ಆಲದ ಮರ. ಅದರ ಹತ್ತಿರ ಆನೆ, ಮಂಗ, ಗೌಜುಗ ಮೂವರೂ ಇದ್ದರು. ನಮ್ಮಲ್ಲಿ ಹಿರಿಯರು ಯಾರು, ಯಾರಿಗೆ ಮರ್ಯಾದೆ ಕೊಡಬೇಕು ಎಂಬ ಮಾತು ಬಂತು.

ಆನೆ ಹೇಳಿತು, "ನಾನು ಮರಿಯಾಗಿದ್ದಾಗ ಈ ಮರ ನನ್ನ ಹೊಟ್ಟೆಗೆ ತಾಗುತ್ತಿತ್ತು."

ಮಂಗ ಹೇಳಿತು, "ನಾನು ಸಣ್ಣವನಿದ್ದಾಗ ನೆಲದ ಮೇಲೆ ಕೂತು ಇದರ ತುದಿಯ ಚಿಗುರು ತಿಂದಿದ್ದೆ."

ಗೌಜುಗ ಮೆಲ್ಲಗೆ ಹೇಳಿತು, "ಬೇರೆ ಕಡೆ ಒಂದು ಆಲದ ಮರ ಇತ್ತು. ಅದರ ಹಣ್ಣು ತಿಂದು ನಾನು ಇಲ್ಲಿ ಹಿಕ್ಕೆ ಹಾಕಿದೆ. ಆ ಬೀಜದಿಂದ ಬಂದದ್ದೇ ಈ ಮರ."

ಆನೆಯೂ ಮಂಗವೂ ಗೌಜುಗಕ್ಕೆ ತಲೆಬಾಗಿದವು. ಮೈ ಸಣ್ಣದಾದರೂ ಅದೇ ಎಲ್ಲರಿಗಿಂತ ಹಿರಿಯದು.

8. ನಾವು ಏನು ಮಾಡಬಹುದು?

ಕಾಡಿಗೆ, ಹಕ್ಕಲಿಗೆ ಹೆಚ್ಚು ಹೋಗುವವರು ಹೆಂಗಸರು. ದರಕು ಗುಡಿಸುವವರು ನಾವು. ಕಟ್ಟಿಗೆ ತರುವವರು ನಾವು. ಗೂಡು ಮೊದಲು ಕಾಣುವುದೂ ನಮಗೇ. ಆದ್ದರಿಂದ ಇವನ್ನು ನೆನಪಿಡೋಣ.

• ದರಕು ಗುಡಿಸುವಾಗ ಮೊದಲು ನೋಡಿ. ಹಕ್ಕಿ ಹಾರಿದ ಜಾಗದಲ್ಲಿ ಗುಡಿಸಬೇಡಿ. ಸುತ್ತಲೂ ನಾಲ್ಕು ಮಾರು ಬಿಟ್ಟುಬಿಡಿ.
• ಎಲ್ಲ ದರಕೂ ಗುಡಿಸಬೇಡಿ. ಪೊದೆಯ ಬುಡದಲ್ಲಿ ಸ್ವಲ್ಪ ಬಿಡಿ. ಹುಳ ಇರುವುದು ಅಲ್ಲೇ.
• ಬೇಸಿಗೆಯಲ್ಲಿ ಗುಡ್ಡಕ್ಕೆ, ಬೇಣಕ್ಕೆ ಬೆಂಕಿ ಹಾಕಬೇಡಿ. ಹಕ್ಕಿ ಹಾರಿ ಹೋಗುತ್ತದೆ. ಮೊಟ್ಟೆ ಹಾರುವುದಿಲ್ಲ.
• ನಾಯಿಯನ್ನು ಕಾಡಿನಲ್ಲಿ ಬಿಟ್ಟು ಅಟ್ಟಾಡಿಸಬೇಡಿ.
• ಉರುಳು, ಬಲೆ ಕಂಡರೆ ಹತ್ತಿರದ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಇನ್ನೊಂದು ವಿಷಯ. ಕೆಲವು ಕಡೆ ಗೌಜುಗವನ್ನು ಹಿಡಿದು ಪಂಜರದಲ್ಲಿ ಇಡುತ್ತಾರೆ. ಪಂಜರದ ಗಂಡು ಕೂಗಿದರೆ ಹೊರಗಿನ ಗಂಡು ಜಗಳಕ್ಕೆ ಬರುತ್ತದೆ. ಬಂದು ಬಲೆಗೆ ಬೀಳುತ್ತದೆ. ಒಂದು ಹಕ್ಕಿಯಿಂದ ಹತ್ತು ಹಕ್ಕಿ ಹಿಡಿಯುವ ಮೋಸ ಇದು.

ಕಾನೂನು ಏನು ಹೇಳುತ್ತದೆ? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂತು. ಗೌಜುಗ, ಕಾಡುಕೋಳಿ, ನವಿಲು ಇವುಗಳನ್ನು ಕೊಲ್ಲುವುದು, ಹಿಡಿಯುವುದು ಅಪರಾಧ. ಅವುಗಳ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಕೂಡ ಅಪರಾಧ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಈಗ ಮೂರು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಕೆಲವು ಪ್ರಾಣಿ ಪಕ್ಷಿಗಳ ವಿಷಯದಲ್ಲಿ ಶಿಕ್ಷೆ ಇನ್ನೂ ಹೆಚ್ಚು. "ನನಗೆ ಓದಲು ಬರುವುದಿಲ್ಲ, ಗೊತ್ತಿರಲಿಲ್ಲ" ಎಂದರೆ ಕಾನೂನು ಕೇಳುವುದಿಲ್ಲ.

9. ಮುಚ್ಚಳ ತೆಗೆದ ಹಾಗೆ

ಅಂದು ಸಂಜೆ ಕತ್ತಲಾಗುವ ಮೊದಲು ಅಜ್ಜಿ ಹುಡುಗನನ್ನು ಮಾವಿನ ಮರದ ತನಕ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಬಿಡಲಿಲ್ಲ. ಗೇರುಮರದ ಬುಡದಲ್ಲಿ ಏನೂ ಕಾಣಲಿಲ್ಲ. ದರಕು ಮಾತ್ರ.

"ಬರಲಿಲ್ಲ ಅಜ್ಜೀ" ಎಂದ ಹುಡುಗ. ಅವನ ಕಣ್ಣಲ್ಲಿ ನೀರು.

"ಸುಮ್ನಿರು. ದರಕನ್ನೇ ನೋಡು. ಆ ಕಂದು ಎಲೆ ಉಸಿರಾಡ್ತಾ ಇದೆ ನೋಡು."

ಹುಡುಗ ನೋಡಿದ. ಬಹಳ ಹೊತ್ತು ನೋಡಿದ ಮೇಲೆ ಕಂಡಿತು. ಅದು ಎಲೆ ಅಲ್ಲ. ಕಾಡುಕೋಳಿಯ ಬೆನ್ನು.

ಆ ರಾತ್ರಿ ಅಮ್ಮ ಪುಸ್ತಕ ತೆಗೆದಳು. ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. "ಗೌ... ಜು... ಗ. ಗೌಜುಗ ನೋಡಲು ಸಣ್ಣ ಕೋಳಿಯ ಹಾಗಿರುತ್ತದೆ." ಹುಡುಗ ನಾಲ್ಕನೇ ಇಯತ್ತೆ. ಯಾವಾಗಲೂ ಅಮ್ಮನ ತಪ್ಪು ತಿದ್ದುವವನು. ಅಂದು ತಿದ್ದಲಿಲ್ಲ. ಬಾಯಿ ತೆರೆದು ಕೇಳಿದ.

ಹನ್ನೆರಡು ದಿನ ಯಾರೂ ಹಕ್ಕಲ ಆ ಮೂಲೆಗೆ ಹೋಗಲಿಲ್ಲ. ಅಲ್ಲಿಯ ಗೇರುಬೀಜ ಹೆಕ್ಕಲಿಲ್ಲ. ಸ್ವಲ್ಪ ನಷ್ಟವಾಯಿತು.

ಹದಿಮೂರನೇ ದಿನ ಅಜ್ಜಿ ಹೋಗಿ ನೋಡಿದರು. ಗೂಡು ಖಾಲಿ. ಮೊಟ್ಟೆಯ ಚಿಪ್ಪುಗಳು ಬಿದ್ದಿದ್ದವು. ಹುಡುಗನ ಮುಖ ಬಾಡಿತು.

"ಮುಂಗುಸಿ ತಿಂತಾ ಅಜ್ಜೀ?"

ಅಜ್ಜಿ ಚಿಪ್ಪುಗಳನ್ನು ಎತ್ತಿ ತೋರಿಸಿದರು.

"ಮುಂಗುಸಿ ತಿಂದ್ರೆ ಚೂರು ಚೂರು ಆಗಿರುತ್ತೆ. ಒಳಗಿನ ರಸ ಅಂಟಿರುತ್ತೆ. ಇದು ನೋಡು. ದಪ್ಪ ತುದೀಲಿ ಸುತ್ತಲೂ ಒಡೆದಿದೆ, ಡಬ್ಬಿ ಮುಚ್ಚಳ ತೆಗೆದ ಹಾಗೆ. ಇದು ಒಳಗಿಂದ ಒಡೆದದ್ದು. ಮರಿ ತಾನೇ ಬಾಗಿಲು ತೆಗೆದು ಹೋಗಿದೆ."

ಅಂಥ ಚಿಪ್ಪು ಮೂರು ಇದ್ದವು. ನಾಲ್ಕನೇ ಮೊಟ್ಟೆ ಒಡೆದಿರಲಿಲ್ಲ. ಅದು ತಣ್ಣಗಿತ್ತು. ಹುಡುಗ ಅದನ್ನು ಮುಟ್ಟಲಿಲ್ಲ.

ಅಭ್ಯಾಸ

ಅ) ಹೊಸ ಶಬ್ದಗಳು. ಓದಿ, ಬರೆಯಿರಿ.
ಗೌಜುಗ, ಲಾವಕ್ಕಿ, ದರಕು, ಹಕ್ಕಲು, ಉರುಳು, ತುಪ್ಪಳ, ಚಿಪ್ಪು, ಮುಂಗುಸಿ, ಕಾಯ್ದೆ, ದಂಡ

ಆ) ಸರಿಯೋ ತಪ್ಪೋ ಹೇಳಿ.
1. ಗೌಜುಗ ಮರದ ತುದಿಯಲ್ಲಿ ಗೂಡು ಕಟ್ಟುತ್ತದೆ.
2. ಗೌಜುಗದ ಮರಿ ಹುಟ್ಟಿದ ದಿನವೇ ಓಡಾಡುತ್ತದೆ.
3. ಕಾಡುಕೋಳಿಯ ಮೊಟ್ಟೆ ತೆಗೆಯುವುದು ಅಪರಾಧ.
4. ಗೌಜುಗಕ್ಕೆ ಒದ್ದೆ ಕಾಡು ಇಷ್ಟ.

ಇ) ಉತ್ತರ ಹೇಳಿ.
1. ಗೌಜುಗ ರಾತ್ರಿ ಎಲ್ಲಿ ಮಲಗುತ್ತದೆ? ಯಾಕೆ?
2. ಮರಿ ಹೊರಬಂದ ಚಿಪ್ಪು ಮತ್ತು ಮುಂಗುಸಿ ತಿಂದ ಚಿಪ್ಪು, ಇವುಗಳ ವ್ಯತ್ಯಾಸ ಏನು?
3. ಆನೆಯೂ ಮಂಗವೂ ಗೌಜುಗಕ್ಕೆ ಯಾಕೆ ತಲೆಬಾಗಿದವು?

ಈ) ಲೆಕ್ಕ ಮಾಡಿ.
ನಿಮ್ಮ ಕೋಳಿ ಏಪ್ರಿಲ್ 5ರಂದು ಕಾವಿಗೆ ಕೂತಿತು. ಮರಿ ಆಗಲು 21 ದಿನ ಬೇಕು. ಯಾವ ತಾರೀಕಿಗೆ ಮರಿ ಬರಬಹುದು?

ಉ) ಮಾತಾಡಿಕೊಳ್ಳಿ.
ಅಜ್ಜಿ ಕೇಳಿದ ಪ್ರಶ್ನೆಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನೀವು ಸಣ್ಣವರಿದ್ದಾಗ ಕೇಳುತ್ತಿದ್ದ ಯಾವ ಹಕ್ಕಿಯ ಕೂಗು ಈಗ ಕಡಿಮೆಯಾಗಿದೆ? ಮನೆಯ ಹಿರಿಯರನ್ನು ಕೇಳಿ. ಆ ಹಕ್ಕಿಯ ಹೆಸರನ್ನು ನಿಮ್ಮ ಕೈಯಿಂದ ಬರೆದು ಕ್ಲಾಸಿಗೆ ತನ್ನಿ.